ಕದಲದ ಪ್ರಾಣಿಗೂ ನೋವಿದೆ

ಮಾನ್ಯ ಸಂಪಾದಕರೇ,

ಕರುವಿನ ಕೊಂಬಿನ ಮೊಳಕೆ ಸುಡಲು ನಾಲ್ಕು ಜನ ಅದುಮಿ ಹಿಡಿದರೆ ಸಾಕು, ಎರಡೇ ನಿಮಿಷದ ಕೆಲಸ ಎನ್ನುವ ಮಾತನ್ನು ಪಶುವೈದ್ಯನಾದ ನಾನು ಇಂದಿಗೂ ಕೇಳುತ್ತಿರುತ್ತೇನೆ. ವೃತ್ತಿಯ ಆರಂಭದಲ್ಲಿ ನಾನೂ ಹಾಗೆಯೇ ಮಾಡಿದ್ದೇನೆ. ಕಣ್ಣಿನ ಹೊರ ಅಂಚಿಗೂ ಕೊಂಬಿನ ಬುಡಕ್ಕೂ ನಡುವೆ, ಹಣೆಯೆಲುಬಿನ ಏಣಿನ ಕೆಳಗೆ ಬೆರಳಾಡಿಸಿದರೆ ಕೊಂಬಿನ ನರ ಹಾದುಹೋಗುವ ಜಾಗ ಸಿಗುತ್ತದೆ. ಅಲ್ಲಿ ಚುಚ್ಚಿದ ಜಾಗವನ್ನಷ್ಟೇ ಮರಗಟ್ಟಿಸುವ ಮದ್ದಾದ ಲಿಗ್ನೊಕೇನನ್ನು ಕೆಲವು ಮಿ.ಲೀ. ಕೊಟ್ಟು 10 ನಿಮಿಷ ಕಾದರೆ, ಸಾಮಾನ್ಯವಾಗಿ ಆ ಬದಿಯ ಮೇಲ್ರೆಪ್ಪೆ ಜೋಲುತ್ತದೆ. ಕೊಂಬಿನ ಸುತ್ತ ಸೂಜಿ ತಾಗಿಸಿದರೂ ಕರು ತಲೆ ಕೊಡವುವುದಿಲ್ಲ. ನಾವು ಉಳಿಸಲು ಹೋಗುವುದು ಈ 10 ನಿಮಿಷವನ್ನೇ. ಆಡಿನ ಮರಿಯಲ್ಲಾದರೆ ಕೊಂಬಿಗೆ ಎರಡು ನರಗಳ ಕವಲುಗಳು ಬರುವುದರಿಂದ ಎರಡು ಕಡೆ ಚುಚ್ಚಬೇಕು, ಅದೂ ಮದ್ದನ್ನು ತೆಳುಮಾಡಿ.

ದೊಡ್ಡ ಜಾನುವಾರುಗಳಲ್ಲಿ ಈ ವಿದ್ಯೆ ಹೊಸದಲ್ಲ. ನಿಂತ ಹಸುವಿನ ಪಕ್ಕೆ ಕೊಯ್ದು ಕರು ತೆಗೆಯುವುದು, ಬಾಲದ ಬುಡದಲ್ಲಿ ಎಪಿಡ್ಯೂರಲ್ (ಬೆನ್ನೆಲುಬಿನ ನಾಳದೊಳಕ್ಕೆ ಚುಚ್ಚುವ ಅರಿವಳಿಕೆ) ಕೊಟ್ಟು ಹೊರಬಿದ್ದ ಗರ್ಭಕೋಶವನ್ನು ಒಳಸೇರಿಸುವುದು, ಎಲ್ಲವೂ ಸ್ಥಳೀಯ ಅರಿವಳಿಕೆಯ ಬಲದಿಂದಲೇ ನಡೆಯುತ್ತವೆ. ನನ್ನ ತಕರಾರಿರುವುದು ನಾಯಿ, ಬೆಕ್ಕುಗಳ ಬಗ್ಗೆ. ಪೂರ್ಣ ಅರಿವಳಿಕೆ ಕೊಟ್ಟ ಮೇಲೆ ಇದೇಕೆ ಎಂದು ಸಹೋದ್ಯೋಗಿಗಳೇ ಕೇಳುತ್ತಾರೆ. ಪ್ರಾಣಿಗೆ ಪ್ರಜ್ಞೆ ಇಲ್ಲದಿದ್ದರೂ ಗಾಯದಿಂದ ನೋವಿನ ಸಂದೇಶ ಬೆನ್ನುಹುರಿಗೆ ಹರಿಯುತ್ತಲೇ ಇರುತ್ತದೆ. ನರದಲ್ಲಿ ಸಂದೇಶ ಸಾಗಲು ಬೇಕಾದ ಸೋಡಿಯಂ ದ್ವಾರಗಳನ್ನು ಮುಚ್ಚಿ ಆ ಹರಿವನ್ನೇ ತಡೆಯುವುದು ಸ್ಥಳೀಯ ಅರಿವಳಿಕೆ. ಗಂಡುನಾಯಿಯ ಬೀಜ ತೆಗೆಯುವ ಮೊದಲು ಬೀಜದೊಳಕ್ಕೇ ಲಿಗ್ನೊಕೇನ್ ಕೊಟ್ಟರೆ, ನಾಳವನ್ನು ಎಳೆದು ಕಟ್ಟುವ ಕ್ಷಣದಲ್ಲಿ ಉಸಿರು ಏರುವುದು ಕಡಿಮೆಯಾಗುತ್ತದೆ, ಪೂರ್ಣ ಅರಿವಳಿಕೆಯ ಪ್ರಮಾಣವನ್ನೂ ತಗ್ಗಿಸಬಹುದು. ಹಲ್ಲು ಕೀಳುವಾಗ ದವಡೆಯ ನರಕ್ಕೆ ಇದೇ ಬಗೆಯ, ಹೆಚ್ಚು ಹೊತ್ತು ಮರಗಟ್ಟಿಸುವ ಬುಪಿವಕೇನ್ ಕೊಟ್ಟರೆ ನಾಯಿ ಎಚ್ಚರಗೊಂಡ ಮೇಲೂ ಕೆಲವು ಗಂಟೆ ನೋವಿಲ್ಲದೆ ಮಲಗಿರುತ್ತದೆ. ಲಿಗ್ನೊಕೇನಿನ ಪ್ರಭಾವ ಒಂದೆರಡು ಗಂಟೆಯಷ್ಟೇ.

ಲೆಕ್ಕ ತಪ್ಪಿದರೆ ಮಾತ್ರ ಇದೇ ಮದ್ದು ವಿಷ. 4 ಕೆ.ಜಿ. ತೂಕದ ಬೆಕ್ಕಿಗೆ ಕೆ.ಜಿ.ಗೆ 3 ಮಿ.ಗ್ರಾಂ. ಲೆಕ್ಕದಲ್ಲಿ ಸಲ್ಲುವ 2% ಲಿಗ್ನೊಕೇನ್ ಬರೀ 0.6 ಮಿ.ಲೀ.; ಅದು ಸಾಲದೆನಿಸಿದರೆ ಸಲೈನ್ ಬೆರೆಸಿ ಹಿಗ್ಗಿಸಬೇಕೇ ಹೊರತು ಮತ್ತೊಮ್ಮೆ ಬಾಟಲಿಗೆ ಸೂಜಿ ಹಾಕಬಾರದು. ಪ್ರತಿ ಬಾರಿಯೂ ಸಿರಿಂಜನ್ನು ಹಿಂದಕ್ಕೆಳೆದು ರಕ್ತ ಬರುತ್ತದೆಯೇ ಎಂದು ನೋಡಲೇಬೇಕು, ಏಕೆಂದರೆ ರಕ್ತನಾಳಕ್ಕೆ ಇಳಿದ ಬುಪಿವಕೇನ್ ಹೃದಯವನ್ನೇ ನಿಲ್ಲಿಸಬಲ್ಲದು. ಕೀವುಗಟ್ಟಿ ಉರಿಯೂತವಾದ ಜಾಗದಲ್ಲಿ ಮದ್ದು ಸರಿಯಾಗಿ ಹಿಡಿಯುವುದಿಲ್ಲ. ಅಲ್ಲಿ ಗಾಯಕ್ಕೆ ಚುಚ್ಚುವ ಬದಲು, ಆ ಜಾಗದ ನರವನ್ನು ಗಾಯಕ್ಕಿಂತ ಮೇಲ್ಗಡೆಯೇ ಹುಡುಕಬೇಕು.

ಪ್ರಾಣಿ ಸಾಕಿದವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ, ‘ಕೊಯ್ಯುವ ಜಾಗವನ್ನು ಮರಗಟ್ಟಿಸುತ್ತೀರಾ?’ ಎಂದು ವೈದ್ಯರನ್ನು ಕೇಳಬೇಕೆಂದು ಕೋರುತ್ತೇನೆ. ಈ ಪ್ರಶ್ನೆಗೆ ಬೇಸರಪಟ್ಟುಕೊಳ್ಳುವ ಹಕ್ಕು ನಮಗಿಲ್ಲ.

– ಒಬ್ಬ ಪಶುವೈದ್ಯ