ಮುಚ್ಚಳ ತೆರೆಯದೆ ಸಿಗುವ ಸರ್ಟಿಫಿಕೇಟ್

ಮಾನ್ಯ ಸಂಪಾದಕರೇ,

ನನ್ನ ಹಾಯಿದೋಣಿಯ ಹಳೆಯ ಲೆಡ್ ಆಸಿಡ್ ಬ್ಯಾಟರಿಗಳನ್ನು ತೆಗೆದು ನಾನೇ ಲಿಥಿಯಂ ಬ್ಯಾಟರಿ ಕೂರಿಸಿ ಎರಡು ವರ್ಷವಾಯಿತು. ಲಿಥಿಯಂ ಐರನ್ ಫಾಸ್ಫೇಟ್ ಜಾತಿಯ ನಾಲ್ಕು ಸೆಲ್, 280 ಆಂಪಿಯರ್ ಅವರ್, 12.8 ವೋಲ್ಟ್. ಹಳೆಯವು ಎರಡೂ ಸೇರಿ ಅರವತ್ತು ಕಿಲೋ ತೂಗುತ್ತಿದ್ದವು. ಅರ್ಧ ಖಾಲಿಯಾದರೆ ಸಾಕು, ಚಾರ್ಜಿಗೆ ಹಾಕಬೇಕಿತ್ತು. ಇವು ಇಪ್ಪತ್ತೆರಡು ಕಿಲೋ. ರಾತ್ರಿಯಿಡೀ ಫ್ರಿಜ್ ಓಡಿದರೂ ಬೆಳಿಗ್ಗೆ ಮುಕ್ಕಾಲಿಗಿಂತ ಜಾಸ್ತಿ ಉಳಿದಿರುತ್ತದೆ.

ಮೊದಲ ವರ್ಷ ವಿಮಾ ಕಂಪನಿಯವರು ಬ್ಯಾಟರಿ ಬಗ್ಗೆ ಕೇಳಲಿಲ್ಲ, ನಾನೂ ಹೇಳಲಿಲ್ಲ. ಅದು ನನ್ನ ತಪ್ಪು. ವಿಮೆ ಕೊಡುವವನ ತೀರ್ಮಾನ ಬದಲಿಸಬಲ್ಲ ಸಂಗತಿಯನ್ನು ಅವನು ಕೇಳದಿದ್ದರೂ ಹೇಳಬೇಕು ಎನ್ನುವುದು ಬ್ರಿಟನ್ನಿನ 1906ರ ಮರೀನ್ ಇನ್ಶೂರೆನ್ಸ್ ಕಾಯ್ದೆಯಷ್ಟು ಹಳೆಯ ಸೂತ್ರ. ಬ್ರಿಟನ್ನಿನವರೇ ಆಮೇಲೆ ಅದನ್ನು ಸಡಿಲಿಸಿದರು, ಆ ಮಾತು ಬೇರೆ. ಈ ಸಲ ರಿನ್ಯೂವಲ್ ಫಾರ್ಮಿನಲ್ಲಿ ಹೊಸ ಪ್ರಶ್ನೆ ಬಂತು. ಲಿಥಿಯಂ ಬ್ಯಾಟರಿ ಇದೆಯೇ? ಜೋಡಿಸಿದ್ದು ಯಾರು? ‘ನಾನೇ’ ಎಂದು ಬರೆದೆ. ವಾರದೊಳಗೆ ಉತ್ತರ: ಅರ್ಹ ಎಲೆಕ್ಟ್ರಿಷಿಯನ್ ಸಹಿ ಮಾಡಿದ ಸರ್ಟಿಫಿಕೇಟ್ ಕಳಿಸಿ, ಇಲ್ಲದಿದ್ದರೆ ಬೆಂಕಿಗೆ ಕವರ್ ಇಲ್ಲ.

ಅವರ ಭಯ ಸುಮ್ನೆ ಬಂದಿದ್ದಲ್ಲ, ಒಪ್ಪುತ್ತೇನೆ. ನೀರಿನ ನಡುವೆ ಬೆಂಕಿ ಹತ್ತಿದರೆ ಓಡಿಹೋಗಲು ಜಾಗವಿಲ್ಲ. ಆದರೆ 2019ರ ಅಕ್ಟೋಬರಿನಲ್ಲಿ ನಾರ್ವೆಯ ಒಂದು ಫೆರಿಯ ಬ್ಯಾಟರಿ ಕೋಣೆಗೆ ಬೆಂಕಿ ಬಿದ್ದು, ಮಾರನೆಯ ದಿನ ಒಳಗೆ ತುಂಬಿದ ಅನಿಲ ಸ್ಫೋಟಿಸಿತಲ್ಲ, ಅದನ್ನೇನು ನನ್ನಂಥವನು ರಜಾದಿನ ಕೂತು ಜೋಡಿಸಿದ್ದಲ್ಲ. ತಂಪು ಮಾಡುವ ದ್ರವ ಸೋರಿದ್ದರಿಂದ ಆದ ಅನಾಹುತ ಅದು.

ಸರಿ, ಸರ್ಟಿಫಿಕೇಟಿಗೆ ಹೊರಟೆ. ಮೊದಲು ಸಿಕ್ಕ ಎಲೆಕ್ಟ್ರಿಷಿಯನ್ ದೋಣಿ ಹತ್ತಿದರು. ಬ್ಯಾಟರಿ ಪೆಟ್ಟಿಗೆಯ ಮುಚ್ಚಳ ಕೂಡ ತೆರೆಯಲಿಲ್ಲ. ‘ಬ್ರ್ಯಾಂಡ್ ಯಾವುದು ಹೇಳಿ ಸರ್, ಬರೆದು ಸಹಿ ಹಾಕಿಕೊಡುತ್ತೇನೆ’ ಎಂದರು. ನನಗೆ ಯಾಕೋ ಮನಸ್ಸಾಗಲಿಲ್ಲ. ಆಮೇಲೆ ಮಾತಾಡೋಣ ಎಂದು ಕಳಿಸಿದೆ.

ಎರಡನೆಯವರು ದೋಣಿಗಳ ಸ್ಥಿತಿ ಪರೀಕ್ಷಿಸಿ ವರದಿ ಕೊಡುವ ಸರ್ವೇಯರ್, ವಯಸ್ಸಾದವರು. ಮಂಡಿಯೂರಿ ಕೂತು ಎರಡೂವರೆ ಗಂಟೆ ನೋಡಿದರು. ವೈರಿನ ತುದಿಯ ಒಂದೊಂದು ಲಗ್ಗನ್ನೂ ಹಿಡಿದು ಎಳೆದರು. ಬಿ.ಎಂ.ಎಸ್, ಅಂದರೆ ಸೆಲ್‌ಗಳನ್ನು ಕಾಯುವ ಎಲೆಕ್ಟ್ರಾನಿಕ್ ಸಾಧನ, ಅಪಾಯ ಕಂಡು ಬ್ಯಾಟರಿಯನ್ನು ಕಡಿತ ಮಾಡುವ ಮುಂಚೆ ಎಚ್ಚರಿಕೆ ಕೊಡುತ್ತದಾ ಎಂದು ಕೇಳಿದರು. ಇದು ಸಣ್ಣ ವಿಷಯವಲ್ಲ. ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಏಕಾಏಕಿ ಕಡಿತವಾದರೆ ಎಂಜಿನ್ನಿಗೆ ಜೋಡಿಸಿದ ಆಲ್ಟರ್ನೇಟರಿನ (ಕರೆಂಟ್ ಹುಟ್ಟಿಸುವ ಯಂತ್ರ) ವೋಲ್ಟೇಜ್ ಜಿಗಿದು ಅದರ ಡಯೋಡ್ ಸುಟ್ಟುಹೋಗಬಹುದು. ಆಲ್ಟರ್ನೇಟರ್ ನೇರವಾಗಿ ಲಿಥಿಯಂ ಬ್ಯಾಟರಿಗೆ ತಾಗದಂತೆ ನಾನು ನಡುವೆ ಡಿಸಿ-ಡಿಸಿ ಚಾರ್ಜರ್ ಹಾಕಿದ್ದೆ. ಅದಕ್ಕೆ ‘ಹ್ಞೂಂ’ ಅಂದರು. ಆಮೇಲೆ ಫ್ಯೂಸಿನ ಮೇಲೆ ಟಾರ್ಚ್ ಬಿಟ್ಟು ಸುಮ್ಮನಾದರು.

‘ಶಾರ್ಟ್ ಆದರೆ ಇದು ಎಷ್ಟು ಆಂಪಿಯರನ್ನು ತಡೆಯುತ್ತೆ, ಗೊತ್ತಾ?’

ಗೊತ್ತಿರಲಿಲ್ಲ. 250 ಆಂಪಿಯರಿನ ಫ್ಯೂಸ್, ಅದಕ್ಕಿಂತ ತೀರಾ ಹೆಚ್ಚಾದರೆ ಕರಗುತ್ತದೆ ಅನ್ನುವುದಷ್ಟೇ ಗೊತ್ತಿತ್ತು. ಲಿಥಿಯಂ ಸೆಲ್ಲಿನ ಒಳರೋಧ ತುಂಬಾ ಕಡಿಮೆ. ಶಾರ್ಟ್ ಆದ ಕ್ಷಣ ಸಾವಿರಾರು ಆಂಪಿಯರ್ ನುಗ್ಗುತ್ತದೆ. ತಾಳಲಾರದ ಫ್ಯೂಸಾದರೆ ಪಟ್ಟಿ ಕರಗಿದರೂ ಒಳಗೆ ಕಿಡಿಯ ಮೂಲಕ ಕರೆಂಟ್ ಹರಿಯುತ್ತಲೇ ಇರುತ್ತದೆ. ನಾನು ಹಾಕಿದ್ದ ಎ.ಎನ್.ಎಲ್ ಫ್ಯೂಸ್ ಸಾಮಾನ್ಯವಾಗಿ 6,000 ಆಂಪಿಯರ್‌ವರೆಗೆ ತಡೆಯುವಂಥದ್ದು. ಕ್ಲಾಸ್ ಟಿ ಫ್ಯೂಸ್ 20,000ದವರೆಗೆ ತಡೆಯುತ್ತದೆ. ಅಂಗೈಯಲ್ಲಿ ಹಿಡಿಸುವಷ್ಟು ಸಣ್ಣ ವಸ್ತು. ಎರಡು ವರ್ಷ ಅದಿಲ್ಲದೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಓಡಾಡಿದ್ದೇನೆ. ಬದಲಿಸಿದ ದಿನವೂ ಮನೆಯಲ್ಲಿ ಈ ವಿಷಯ ಎತ್ತಲಿಲ್ಲ. ಈಗ ಪೇಪರಿನಲ್ಲಿ ಓದಿಕೊಳ್ಳುತ್ತಾಳೆ.

ನನ್ನ ತಕರಾರು ಇರುವುದು ಇಲ್ಲಿಯೇ. ಫ್ಯೂಸ್ ಯಾವುದು, ಬ್ಯಾಟರಿಯಿಂದ ಎಷ್ಟು ದೂರದಲ್ಲಿದೆ, ದೋಣಿ ವಾಲಿದರೆ ಸೆಲ್ ಜರುಗುತ್ತದಾ, ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜಿಂಗ್ ನಿಲ್ಲುತ್ತದಾ, ಇಂಥ ಒಂದು ಪ್ರಶ್ನೆಯೂ ಆ ಫಾರ್ಮಿನಲ್ಲಿಲ್ಲ. ಕೇಳಬೇಕೆಂದರೆ ಆಧಾರಕ್ಕೆ ಬರವಿಲ್ಲ. ಸಣ್ಣ ದೋಣಿಗಳ ಲಿಥಿಯಂ ಬ್ಯಾಟರಿಗೆಂದೇ 2021ರಲ್ಲಿ ಐ.ಎಸ್.ಒ 23625 ಎಂಬ ಅಂತರರಾಷ್ಟ್ರೀಯ ದಾಖಲೆ ಬಂತು, 2022ರಲ್ಲಿ ದೋಣಿಗಳ ಸುರಕ್ಷತಾ ಮಾನದಂಡ ರೂಪಿಸುವ ಅಮೆರಿಕದ ಸಂಸ್ಥೆ ಎ.ಬಿ.ವೈ.ಸಿ ತನ್ನ ಇ-13 ಮಾನದಂಡ ತಂದಿತು. ಕಂಪನಿ ನನ್ನಿಂದ ಕೇಳಿದ ಇನ್ನೊಂದೇ ಕಾಗದವೆಂದರೆ ಯು.ಎನ್ 38.3 ವರದಿ. ಅದು ಸೆಲ್ಲನ್ನು ವಿಮಾನ, ಹಡಗಿನಲ್ಲಿ ಸಾಗಿಸಬಹುದೇ ಎಂಬ ಪರೀಕ್ಷೆ. ನಾನು ವೈರಿಂಗ್ ಹೇಗೆ ಮಾಡಿದ್ದೇನೆ ಅನ್ನುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಕೈಯಾರೆ ಮಾಡಿದ್ದನ್ನೆಲ್ಲ ಕಣ್ಣುಮುಚ್ಚಿ ಒಪ್ಪಿ ಅಂತ ನಾನು ಹೇಳುತ್ತಿಲ್ಲ. ಬಂದು ನೋಡಿ. ವೈರಿಂಗ್ ನಕ್ಷೆ, ಫೋಟೋ ಕೇಳಿ. ತಪಾಸಣೆಯ ಫೀಸನ್ನು ನಾವೇ ಕಟ್ಟುತ್ತೇವೆ. ‘ನಾನೇ’ ಎಂದು ಬರೆದವನಿಗೆ ಮಾತ್ರ ಬಾಗಿಲು ಮುಚ್ಚಿದರೆ ಮುಂದಿನ ವರ್ಷ ಯಾರು ತಾನೇ ನಿಜ ಬರೆಯುತ್ತಾರೆ?

ಕ್ಲಾಸ್ ಟಿ ಫ್ಯೂಸ್ ಹಾಕಿಸಿ, ಸರ್ವೇಯರ್ ಕೊಟ್ಟ ಆರು ಪುಟದ ವರದಿಯನ್ನು ಕಂಪನಿಗೆ ಕಳಿಸಿದೆ. ತಿರಸ್ಕರಿಸಿದರು. ಅವರು ಸರ್ವೇಯರ್, ಎಲೆಕ್ಟ್ರಿಷಿಯನ್ ಅಲ್ಲವಂತೆ. ಪಾಲಿಸಿ ಮುಗಿಯಲು ಇನ್ನು ಹನ್ನೊಂದು ದಿನ ಇದೆ. ಮುಚ್ಚಳ ತೆರೆಯದವರ ನಂಬರ್ ಇನ್ನೂ ನನ್ನ ಫೋನಿನಲ್ಲಿದೆ.

ಇಂತಿ,
ಒಬ್ಬ ದೋಣಿ ಮಾಲೀಕ