ಪ್ರಯೋಗ ಹೇಗೆ ಮಾಡಿದರು ಅಂತಲೂ ಬರೆಯಿರಿ

ಸಂಪಾದಕರಿಗೆ ನಮಸ್ಕಾರ.

ವಿಜ್ಞಾನಿಗಳ ನಡುವೆ ಜಗಳ ಅಂತ ಸುದ್ದಿ ಬಂದಾಗಲೆಲ್ಲ ಜನ ಹೇಳುವುದು ಒಂದೇ ಮಾತು, 'ಅವರಲ್ಲೇ ಒಮ್ಮತ ಇಲ್ಲ, ನಾವು ಯಾರನ್ನು ನಂಬೋದು?' ಇದನ್ನು ಕೇಳಿದರೆ ನನಗೆ ತುಂಬಾ ಬೇಸರವಾಗುತ್ತದೆ. ಇಬ್ಬರಿಗೆ ಬೇರೆ ಬೇರೆ ಫಲಿತಾಂಶ ಬಂತು ಅಂದಮಾತ್ರಕ್ಕೆ ಒಬ್ಬರು ಸುಳ್ಳುಗಾರರಾಗುವುದಿಲ್ಲ.

ನಾನು ವಿಜಯಪುರದ ಕಡೆ ಕೆಲವು ವರ್ಷ ಪಾಠ ಮಾಡಿ, ಆಮೇಲೆ ವರ್ಗವಾಗಿ ಉಡುಪಿಗೆ ಬಂದವಳು. ಅಲ್ಲಿ ಬಾಚಣಿಗೆಯನ್ನು ತಲೆಗೂದಲಿಗೆ ಉಜ್ಜಿ ಕಾಗದದ ಚೂರುಗಳ ಹತ್ತಿರ ಹಿಡಿದರೆ ಸಾಕು, ಪಟಪಟನೆ ಹಾರಿ ಅಂಟಿಕೊಳ್ಳುತ್ತಿದ್ದವು. ಇಲ್ಲಿ ಮಳೆ ಸುರಿಯುವ ಆಟಿ ತಿಂಗಳಲ್ಲಿ ಅದೇ ಪಾಠ, ಅದೇ ಬಾಚಣಿಗೆ, ಒಂದು ಚೂರೂ ಅಲುಗಲಿಲ್ಲ. 'ಪುಸ್ತಕದಲ್ಲಿ ಸುಳ್ಳು ಬರೆದಿದ್ದಾರಾ ಟೀಚರ್?' ಅಂತ ಒಬ್ಬ ಹುಡುಗ ಕೇಳಿಯೇ ಬಿಟ್ಟ. ಕಾರಣ ಗಾಳಿಯ ತೇವ. ಬಾಚಣಿಗೆಯ ಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾಗಿ ನೀರಿನ ಪಸೆ ಕೂತು, ಉಜ್ಜಿದಾಗ ಹುಟ್ಟಿದ ವಿದ್ಯುತ್ತು ಸೋರಿಹೋಗುತ್ತದೆ. ಪುಸ್ತಕದಲ್ಲಿ 'ಒಣ' ಅನ್ನುವ ಒಂದೇ ಒಂದು ಪದ ಇತ್ತು. ಅಲ್ಲಿದ್ದಷ್ಟು ದಿನ ನಾನೂ ಅದನ್ನು ಗಮನಿಸಿರಲಿಲ್ಲ.

ದೊಡ್ಡವರ ಜಗಳ ಇದಕ್ಕಿಂತ ಕಷ್ಟದ್ದು. 1969ರಲ್ಲಿ ಅಮೆರಿಕದ ಜೋಸೆಫ್ ವೆಬರ್ ಅವರು ಭಾರೀ ಅಲ್ಯೂಮಿನಿಯಂ ಸಿಲಿಂಡರುಗಳನ್ನು ತೂಗುಹಾಕಿ, ಗುರುತ್ವ ಅಲೆಗಳು, ಅಂದರೆ ಆಕಾಶದ ಭಾರೀ ಕಾಯಗಳ ಚಲನೆಯಿಂದ ಏಳುವ ಅತಿ ಸಣ್ಣ ಕಂಪನಗಳು, ಸಿಕ್ಕಿವೆ ಎಂದರು. ಬೇರೆಯವರೂ ಅಂಥದ್ದೇ ಉಪಕರಣ ಮಾಡಿ ಕಾದರು, ಏನೂ ಸಿಗಲಿಲ್ಲ. ಈಗ ಯಾರ ಉಪಕರಣ ಸರಿ? ಅಲೆಯನ್ನು ಹಿಡಿದದ್ದು ಸರಿ ಅನ್ನೋಣ ಅಂದರೆ, ಹಿಡಿಯುವಷ್ಟು ಜೋರಾದ ಅಲೆ ಬರುತ್ತಿದೆಯೋ ಇಲ್ಲವೋ ಅನ್ನುವುದೇ ಅಲ್ಲಿನ ಪ್ರಶ್ನೆ, ಅಲ್ವಾ? ಸುತ್ತಿ ಸುತ್ತಿ ಅಲ್ಲಿಗೇ ಬಂದು ನಿಲ್ಲುತ್ತದೆ. ಆಮೇಲೆ ವೆಬರ್ ಅವರು ತಮ್ಮ ಉಪಕರಣವೂ ಅಮೆರಿಕದಲ್ಲೇ ಇನ್ನೊಂದು ಊರಾದ ರೋಚೆಸ್ಟರ್‌ನಲ್ಲಿದ್ದ ಉಪಕರಣವೂ ಒಂದೇ ಹೊತ್ತಿಗೆ ಅಲುಗಿವೆ ಎಂದು ತೋರಿಸಿದರು. ನೋಡಿದರೆ ಎರಡು ಕಡೆಯವರು ಸಮಯ ಬರೆದ ಕ್ರಮವೇ ಬೇರೆ, ನಡುವೆ ನಾಲ್ಕು ಗಂಟೆಯ ವ್ಯತ್ಯಾಸ! ಅಂದರೆ ಅವು ಒಂದೇ ಹೊತ್ತಿಗೆ ಅಲುಗಿರಲೇ ಇಲ್ಲ. ಆ ಮನುಷ್ಯ ಮೋಸಗಾರರಲ್ಲ. ಯಾವಾಗಲೂ ಸಣ್ಣಗೆ ನಡುಗುತ್ತಲೇ ಇರುವ ಲೋಹದಲ್ಲಿ ಒಂದು ಅಲೆಯನ್ನು ವರ್ಷಗಟ್ಟಲೆ ಹುಡುಕಿದವರಿಗೆ ಅದು ಕಂಡಂತೆ ಆಗುವುದು ಸಹಜ. ಗುರುತ್ವ ಅಲೆ ನಿಜಕ್ಕೂ ಸಿಕ್ಕಿದ್ದು 2015ರಲ್ಲಿ, ಅಮೆರಿಕದ ಲೈಗೋ ಎಂಬ ವೀಕ್ಷಣಾಲಯದ ಲೇಸರ್‌ಗಳಿಗೆ.

ನನ್ನ ದೂರು ಇರುವುದು ಸುದ್ದಿ ಬರುವ ರೀತಿಯ ಬಗ್ಗೆ. 2023ರ ಜುಲೈಯಲ್ಲಿ ಕೊರಿಯಾದವರು ಎಲ್‌ಕೆ-99 ಎಂಬ ವಸ್ತು ಮಾಮೂಲಿ ಬಿಸಿಯಲ್ಲೇ, ವಿದ್ಯುತ್ತನ್ನು ಒಂದಿಷ್ಟೂ ತಡೆಯದೆ ಹರಿಯಬಿಡುವ ಸೂಪರ್‌ಕಂಡಕ್ಟರ್ ಆಗಿದೆ ಎಂದಾಗ ಎಲ್ಲಿ ನೋಡಿದರೂ ಅದೇ ಸುದ್ದಿ. ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದವರು ತಾವೂ ಅದನ್ನು ತಯಾರಿಸಿ ನೋಡಿದರು, ಸೂಪರ್‌ಕಂಡಕ್ಟರ್ ಲಕ್ಷಣ ಕಾಣಲಿಲ್ಲ. ಅದರಲ್ಲಿ ಸೇರಿಕೊಂಡಿದ್ದ ತಾಮ್ರದ ಸಲ್ಫೈಡ್ ಸುಮಾರು 104 ಡಿಗ್ರಿ ಸೆಲ್ಸಿಯಸ್‌ನಲ್ಲಿ ರೂಪ ಬದಲಿಸುತ್ತದೆ, ವಿದ್ಯುತ್ ರೋಧ ಧಡಕ್ಕನೆ ಇಳಿದಂತೆ ಕಂಡದ್ದು ಅದರಿಂದ ಎಂದು ಕೆಲವೇ ವಾರಗಳಲ್ಲಿ ಗೊತ್ತಾಯಿತು. ಮೊದಲ ಸುದ್ದಿ ಓದಿದ ನನ್ನ ಪರಿಚಯದವರಲ್ಲಿ ಹೆಚ್ಚಿನವರಿಗೆ ಈ ಎರಡನೆಯ ಸುದ್ದಿ ತಲುಪಲೇ ಇಲ್ಲ. ನನಗೆ ಜಾಸ್ತಿ ಇಷ್ಟವಾದದ್ದು ಇದೇ, ಎಂಥ ಪತ್ತೇದಾರಿ ಕೆಲಸ ಅದು!

ದಯವಿಟ್ಟು ಇಂಥ ಸುದ್ದಿಯಲ್ಲಿ ಯಾರು ಏನು ಹೇಳಿದರು ಎನ್ನುವುದರ ಜೊತೆಗೆ, ಯಾವುದರಿಂದ ಅಳೆದರು, ಎಷ್ಟು ಸಲ ಮಾಡಿದರು, ಬೇರೆಯವರು ಮಾಡಿ ನೋಡಿದ್ದಾರಾ ಅಂತ ನಾಲ್ಕು ಸಾಲು ಸೇರಿಸಿ. ಇನ್ನೊಂದು ಆಸೆ. ಈ ಮಳೆಗಾಲದಲ್ಲಿ ಮಕ್ಕಳ ಪುಟಕ್ಕೆ ಬಾಚಣಿಗೆ ಪ್ರಯೋಗ ಕೊಡಿ, ಕರಾವಳಿಯ ಮಕ್ಕಳೂ ಬಯಲುಸೀಮೆಯ ಮಕ್ಕಳೂ ಒಂದೇ ವಾರ ಮಾಡಿ ಬರೆದು ಕಳಿಸಲಿ, ಎರಡನ್ನೂ ಪಕ್ಕಪಕ್ಕ ಹಾಕಿ.

– ನಿವೃತ್ತ ವಿಜ್ಞಾನ ಶಿಕ್ಷಕಿ, ಉಡುಪಿ