ಪೋಷಕರಿಗೆ ಪತ್ರ: ಮೊಬೈಲಿನೊಳಗಿನ ಬಾಡಿಗೆ ಮಂದಿ

ಮಾನ್ಯ ಪಾಲಕರೇ,

ನಮಸ್ಕಾರ. ಮಳೆ ಜೋರಾದ ದಿನಗಳಲ್ಲಿ ‘ನಾಳೆ ಶಾಲೆಗಳಿಗೆ ರಜೆ’ ಎಂಬ ಜಿಲ್ಲಾಧಿಕಾರಿಗಳ ಆದೇಶದ ಫೋಟೊ ವಾಟ್ಸ್‌ಆ್ಯಪ್ ಗ್ರೂಪುಗಳಲ್ಲಿ ಓಡಾಡುವುದನ್ನು ತಾವೆಲ್ಲರೂ ನೋಡಿದ್ದೀರಿ. ಎರಡು ಬೆರಳಿನಿಂದ ದೊಡ್ಡದು ಮಾಡಿ ನೋಡಿದರೆ ಕೆಲವೊಮ್ಮೆ ಅದು ಪಕ್ಕದ ಜಿಲ್ಲೆಯದ್ದು, ಕೆಲವೊಮ್ಮೆ ಹೋದ ವರ್ಷದ್ದು. ಇನ್ನು ಕೆಲವೊಮ್ಮೆ ದಿನಾಂಕದ ಅಂಕಿಗಳು ಮಾತ್ರ ಉಳಿದ ಅಕ್ಷರಗಳಿಗಿಂತ ದಪ್ಪ. ಆದರೂ ಮಂದಿ ನಂಬುತ್ತಾರೆ. ಒಂದೇ ಸಂಜೆ ಓಣಿಯ ಗ್ರೂಪು, ಬೀಗರ ಗ್ರೂಪು, ಆಫೀಸಿನ ಗ್ರೂಪು, ಹೀಗೆ ನಾಲ್ಕು ಕಡೆಯಿಂದ ಬಂದರೆ ಮನಸ್ಸು ಅದನ್ನು ನಾಲ್ಕು ಸಾಕ್ಷಿ ಎಂದು ಲೆಕ್ಕ ಹಾಕುತ್ತದೆ. ಹುಟ್ಟಿದ್ದು ಮಾತ್ರ ಒಂದೇ ಕಡೆ.

ರಜೆಯ ಫೋಟೊದಿಂದ ಹೋಗುವುದು ಒಂದು ದಿನದ ಪಾಠ. ಅದೇ ದಾರಿಯಲ್ಲಿ ಒಂದು ಸಮುದಾಯದ ಬಗ್ಗೆ, ಒಬ್ಬ ಅಭ್ಯರ್ಥಿಯ ಬಗ್ಗೆ, ಒಂದು ಲಸಿಕೆಯ ಬಗ್ಗೆ ಊರಿನ ಅಭಿಪ್ರಾಯವನ್ನೇ ತಿರುಗಿಸಬಹುದು. ನಮ್ಮ ಹತ್ತನೇ ತರಗತಿಯ ಮಕ್ಕಳು ಇನ್ನೆರಡು–ಮೂರು ವರ್ಷದಲ್ಲಿ ಮತದಾರರು. ಅದಕ್ಕಾಗಿ ಈ ಪತ್ರ.

ಸಭೆಗೆ ಮಂದಿ ಕಾಣಬೇಕೆಂದು ಟ್ರ್ಯಾಕ್ಸ್ ತುಂಬಿಸಿ, ಊಟದ ಪೊಟ್ಟಣ ಕೊಟ್ಟು ಕರೆತರುವುದು ನಮಗೆ ಹೊಸದಲ್ಲ. ಮೊಬೈಲಿನಲ್ಲಿ ಅದಕ್ಕೆ ಟ್ರ್ಯಾಕ್ಸೂ ಬೇಡ, ಊಟವೂ ಬೇಡ. ಒಬ್ಬನೇ ಕುಳಿತು ಹತ್ತಾರು ಅಕೌಂಟು ನಡೆಸಬಹುದು. ಮೊದಲೇ ಬರೆದಿಟ್ಟ ಸಾಲುಗಳನ್ನು ನೂರಾರು ಜನರಿಗೆ ಹಂಚಿ, ಗೊತ್ತುಮಾಡಿದ ಗಂಟೆಗೆ ಒಂದೇ ಹ್ಯಾಷ್‌ಟ್ಯಾಗ್ (# ಗುರುತಿನ ಪದ) ಹಾಕಿಸಿದರೆ ಅದು ‘ಟ್ರೆಂಡಿಂಗ್’ ಪಟ್ಟಿಗೆ, ಅಂದರೆ ಆ ಹೊತ್ತಿಗೆ ಹೆಚ್ಚು ಚರ್ಚೆಯಲ್ಲಿರುವ ವಿಷಯಗಳ ಪಟ್ಟಿಗೆ ಏರುತ್ತದೆ. ಪಟ್ಟಿಗೆ ಏರಿದ ಮೇಲೆ ನಿಜವಾದ ಮಂದಿಯೂ ಬಂದು ಸೇರುತ್ತಾರೆ. ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನ ಒಂದು ಸಂಸ್ಥೆಯಲ್ಲಿ ಸಂಬಳದ ಕೆಲಸಗಾರರು ಅಮೆರಿಕದವರ ಹೆಸರಿನಲ್ಲಿ ಪೇಜುಗಳನ್ನು ನಡೆಸಿದರು. 2016ರ ಚುನಾವಣೆಯ ಮುಂಚೆ ಮತ್ತು ನಂತರ ಅವರು ಹಾಕಿದ್ದು ಸುಮಾರು 12.6 ಕೋಟಿ ಜನರನ್ನು ತಲುಪಿರಬಹುದು ಎಂದು ಫೇಸ್‌ಬುಕ್ಕೇ ಒಪ್ಪಿಕೊಂಡಿತು. ಅದರಲ್ಲಿ ಬಹಳಷ್ಟು ಸಂದೇಶಗಳಲ್ಲಿ ಅಭ್ಯರ್ಥಿಯ ಹೆಸರೇ ಇರಲಿಲ್ಲ. ಬಿಳಿಯರು ಮತ್ತು ಕರಿಯರ ನಡುವೆ, ವಲಸೆ ಬಂದವರು ಮತ್ತು ಅಲ್ಲಿನವರ ನಡುವೆ ಮೊದಲೇ ಇದ್ದ ಬಿರುಕನ್ನು ಅಗಲ ಮಾಡುವುದೇ ಅವುಗಳ ಕೆಲಸವಾಗಿತ್ತು.

ಇಂಥ ಬಾಡಿಗೆ ಮಂದಿಯನ್ನು ಗುರುತಿಸಲು ಮಕ್ಕಳಿಗೆ ಕಲಿಸಬಹುದು. ಜಗಳ ನಡೆದಿರುವ ಒಂದು ಪೋಸ್ಟಿನ ಕೆಳಗಿನ ಇಪ್ಪತ್ತು–ಮೂವತ್ತು ಕಾಮೆಂಟುಗಳನ್ನು ಒಟ್ಟಿಗೆ ಕುಳಿತು ಓದಿ. ಆರೇಳು ಬೇರೆ ಬೇರೆ ಹೆಸರಿನವರು ಒಂದೇ ವಾಕ್ಯ ಬರೆದಿದ್ದಾರೆಯೇ? ಒಬ್ಬರು ‘ವಿರೋದ’ ಎಂದು ಅಲ್ಪಪ್ರಾಣದಲ್ಲಿ ಬರೆದರೆ ಅದು ಕೈತಪ್ಪು. ಆರು ಜನ ಅದೇ ವಾಕ್ಯದಲ್ಲಿ, ಅದೇ ಜಾಗದಲ್ಲಿ, ಅದೇ ತಪ್ಪು ಮಾಡಿದರೆ ಆರೂ ಒಂದೇ ಕಡತದಿಂದ ನಕಲಾದವು. ಆಮೇಲೆ ಆ ಅಕೌಂಟುಗಳ ಒಳಗೆ ಹೋಗಿ. ಇನ್‌ಸ್ಟಾಗ್ರಾಂನಲ್ಲಿ ಪ್ರೊಫೈಲಿನ ಮೇಲಿರುವ ಮೂರು ಚುಕ್ಕಿ ಒತ್ತಿ ‘ಅಬೌಟ್ ದಿಸ್ ಅಕೌಂಟ್’ ತೆರೆದರೆ ಅಕೌಂಟು ಯಾವ ತಿಂಗಳು ಹುಟ್ಟಿತು ಎಂಬುದು ಕಾಣುತ್ತದೆ. ಫೇಸ್‌ಬುಕ್ ಪೇಜಿನಲ್ಲಿ ‘ಪೇಜ್ ಟ್ರಾನ್ಸ್‌ಪರೆನ್ಸಿ’ ತೆರೆದು ಹಳೆಯ ಹೆಸರುಗಳನ್ನು ನೋಡಿ. ನಟನೊಬ್ಬನ ಅಭಿಮಾನಿಗಳ ಹೆಸರಿನಲ್ಲೋ, ಶುಭೋದಯದ ಸುಭಾಷಿತಗಳ ಹೆಸರಿನಲ್ಲೋ ಲಕ್ಷ ಮಂದಿಯನ್ನು ಕೂಡಿಸಿಕೊಂಡು, ಚುನಾವಣೆ ಹತ್ತಿರ ಬಂದಾಗ ಹೆಸರು ಬದಲಿಸುವ ಪೇಜುಗಳ ಜಾತಕ ಅಲ್ಲಿ ಸಿಗುತ್ತದೆ. ಆ ಲಕ್ಷ ಮಂದಿ ಸೇರಿದ್ದು ಸಿನಿಮಾಕ್ಕಾಗಿ. ಈಗ ಅವರ ತಲೆ ಎಣಿಸುತ್ತಿರುವುದು ಬೇರೆಯದಕ್ಕೆ.

ವಾಟ್ಸ್‌ಆ್ಯಪ್‌ನಲ್ಲಿ ಈ ಜಾತಕ ಸಿಗುವುದಿಲ್ಲ. ಒಂದೇ ಗುರುತು ಇದೆ: ಐದು ಅಥವಾ ಅದಕ್ಕಿಂತ ಹೆಚ್ಚು ಸಲ ಕೈ ಬದಲಿಸಿದ ಸಂದೇಶದ ಮೇಲೆ ಜೋಡಿ ಬಾಣ ಮತ್ತು ‘ಹಲವು ಬಾರಿ ಫಾರ್ವರ್ಡ್ ಆಗಿದೆ’ ಎಂಬ ಅರ್ಥದ ಸೂಚನೆ ಬರುತ್ತದೆ. 2018ರಿಂದ ನಮ್ಮ ದೇಶದಲ್ಲಿ ಒಂದು ಸಲಕ್ಕೆ ಐದು ಕಡೆಗೆ ಮಾತ್ರ ಫಾರ್ವರ್ಡ್ ಮಾಡಬಹುದು. 2020ರ ಏಪ್ರಿಲ್‌ನಿಂದ ಜೋಡಿ ಬಾಣದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸಬಹುದು. ಆದರೆ ಪಠ್ಯವನ್ನು ಕಾಪಿ ಮಾಡಿ ಅಂಟಿಸಿದರೆ, ಇಲ್ಲವೇ ಚಿತ್ರದ ಸ್ಕ್ರೀನ್‌ಶಾಟ್ ತೆಗೆದು ಹೊಸದಾಗಿ ಕಳಿಸಿದರೆ ಬಾಣ ಮಾಯವಾಗುತ್ತದೆ, ಲೆಕ್ಕ ಮತ್ತೆ ಸೊನ್ನೆಯಿಂದ. ಹಾಗಾಗಿ ಬಾಣ ಕಂಡರೆ ಅನುಮಾನಿಸಿ, ಕಾಣದಿದ್ದರೆ ನಂಬಿಬಿಡಬೇಡಿ. ಐದು ಕಡೆ ಎಂದರೂ ಕಡಿಮೆಯಲ್ಲ: ತಲಾ 200 ಮಂದಿಯ ಐದು ಗ್ರೂಪು ಎಂದರೆ 1,000 ಮಂದಿ. ಅವರಲ್ಲಿ ಇಪ್ಪತ್ತು ಮಂದಿ ಅಷ್ಟೇ ದೊಡ್ಡ ಒಂದೊಂದು ಗ್ರೂಪಿಗೆ ಕಳಿಸಿದರೆ ಇನ್ನೂ 4,000.

ಹೀಗೆ ಹರಡುವುದರಲ್ಲಿ ಎಲ್ಲವೂ ಪೂರ್ತಿ ಸುಳ್ಳಾಗಿರುವುದಿಲ್ಲ. ಕತ್ತರಿಸಿದ ನಿಜ ಹೆಚ್ಚು ಅಪಾಯ. 2018ರಲ್ಲಿ ಮಕ್ಕಳ ಕಳ್ಳರ ವಿಡಿಯೊ ದೇಶ ತುಂಬ ಓಡಾಡಿತು: ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರ. ಕೊನೆಯಲ್ಲಿ ಬೈಕಿನವರು ಮಗುವನ್ನು ಮರಳಿ ತಂದು ಬಿಟ್ಟು ಎಚ್ಚರಿಕೆಯ ಫಲಕ ಹಿಡಿಯುತ್ತಾರೆ. ಆ ಕೊನೆಯನ್ನು ಯಾರೋ ಕತ್ತರಿಸಿದ್ದರು. ಇಂಥ ವದಂತಿಗಳ ಕಾವಿನಲ್ಲೇ ಆ ವರ್ಷ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದ ಪ್ರವಾಸಿಗರ ಮೇಲೆ ಗುಂಪು ಎರಗಿತು. ಹೈದರಾಬಾದಿನ ಒಬ್ಬ ಯುವ ಎಂಜಿನಿಯರ್ ಜೀವ ಹೋಯಿತು. ನಮ್ಮದೇ ಊರಿನಲ್ಲಿ 2022ರ ಏಪ್ರಿಲ್ 16ರ ರಾತ್ರಿ, ಸ್ಟೇಟಸ್‌ಗೆ ಹಾಕಿದ್ದ ಒಂದು ತಿರುಚಿದ ಚಿತ್ರದಿಂದ ಹಳೇ ಹುಬ್ಬಳ್ಳಿ ಠಾಣೆಯ ಮುಂದೆ ಜನ ಸೇರಿ, ಕಲ್ಲು ತೂರಾಟವಾಗಿ, ಪೊಲೀಸರು ಗಾಯಗೊಂಡು, ನಿಷೇಧಾಜ್ಞೆ ಬಂದದ್ದು ತಮಗೆ ನೆನಪಿದೆ.

ಸಿಟ್ಟು ಇಷ್ಟು ಬೇಗ ಓಡುವುದಕ್ಕೆ ಯಂತ್ರದ ಪಾಲೂ ಇದೆ. ಯಾವ ಪೋಸ್ಟು ಮೇಲೆ ಬರಬೇಕು ಎಂದು ಲೆಕ್ಕ ಹಾಕುವಾಗ ಫೇಸ್‌ಬುಕ್ 2017ರಿಂದ ಕೆಲ ಕಾಲ ‘ಸಿಟ್ಟು’ ಸೇರಿದಂತೆ ಮುಖಚಿಹ್ನೆಗಳಿಗೆ ಒಂದು ಲೈಕಿನ ಐದು ಪಟ್ಟು ತೂಕ ಕೊಟ್ಟಿತ್ತು. ನಂತರ ಸಿಟ್ಟಿನ ತೂಕವನ್ನು ಸೊನ್ನೆಗೆ ಇಳಿಸಿತು. ಮಗು ಸಿಟ್ಟಿನಿಂದ ‘ಥೂ’ ಎಂದು ಕಾಮೆಂಟ್ ಹಾಕಿದರೂ ಯಂತ್ರಕ್ಕೆ ಅದು ಆಸಕ್ತಿಯೇ. ವಿರೋಧಿಸಲು ಶೇರ್ ಮಾಡಿದ್ದೂ ಶೇರ್ ಆಗಿಯೇ ಉಳಿಯುತ್ತದೆ.

ಫೋಟೊ, ವಿಡಿಯೊ ಪರೀಕ್ಷಿಸುವುದು ಐದು ನಿಮಿಷದ ಕೆಲಸ. ವಿಡಿಯೊದಲ್ಲಿ ಅಂಗಡಿಯ ಬೋರ್ಡು, ಬಸ್ಸಿನ ಬಣ್ಣ, ಗಾಡಿಯ ನಂಬರ್ ಪ್ಲೇಟು ಸ್ಪಷ್ಟ ಕಾಣುವ ಕಡೆ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆಯಿರಿ. ಮೇಲೆ ಕೆಳಗೆ ಅಂಟಿಸಿದ ಕೆಂಪು ಬರಹದ ಪಟ್ಟಿಗಳನ್ನು ಕ್ರಾಪ್ ಮಾಡಿ, ಇಲ್ಲದಿದ್ದರೆ ಹುಡುಕಾಟ ಆ ಬರಹದ ಹಿಂದೆ ಹೋಗುತ್ತದೆ. ಗೂಗಲ್ ಆ್ಯಪ್‌ನ ಹುಡುಕು ಪಟ್ಟಿಯಲ್ಲಿರುವ ಕ್ಯಾಮೆರಾ ಚಿಹ್ನೆ ಒತ್ತಿ ಆ ಚಿತ್ರ ಕೊಡಿ. ಬಂದ ಫಲಿತಾಂಶಗಳು ದಿನಾಂಕದ ಕ್ರಮದಲ್ಲಿ ಇರುವುದಿಲ್ಲ, ಒಂದೊಂದನ್ನೇ ತೆರೆದು ಅತಿ ಹಳೆಯದು ಯಾವುದೆಂದು ನೋಡಬೇಕು. ‘ನಿನ್ನೆ ಗದಗದಲ್ಲಿ’ ಎಂದದ್ದು ನಾಲ್ಕು ವರ್ಷ ಹಿಂದಿನ ಬೇರೆ ರಾಜ್ಯದ್ದಾಗಿದ್ದರೆ ಅಲ್ಲಿಗೆ ವಿಷಯ ಮುಗಿಯಿತು. ಏನೂ ಸಿಗದಿದ್ದರೆ ನಿಜ ಎಂದು ಅರ್ಥವಲ್ಲ. ಎಐ ಹೊಸದಾಗಿ ತಯಾರಿಸಿದ್ದಕ್ಕೆ ಹಳೆಯ ಪ್ರತಿ ಎಲ್ಲಿಂದ ಬರಬೇಕು? ಆಗ ಅದೇ ಘಟನೆಯನ್ನು ಎರಡು ಪತ್ರಿಕೆಗಳಾದರೂ ತಮ್ಮ ವರದಿಗಾರರ ಮೂಲಕ ಬರೆದಿವೆಯೇ ನೋಡಿ. ಬೆಳೆಯ ದರದ ಸುದ್ದಿಗೂ ಇದೇ ಮಾತು: ಬ್ಯಾಡಗಿ ಮೆಣಸಿನಕಾಯಿ ದರ ಬಿತ್ತೆಂಬ ಫಾರ್ವರ್ಡ್ ಬಂದರೆ ಚೀಲ ಮಾರುವ ಮೊದಲು ಸರ್ಕಾರದ ‘ಕೃಷಿ ಮಾರಾಟ ವಾಹಿನಿ’ ಜಾಲತಾಣದಲ್ಲಿ ಆ ದಿನದ ದರ ನೋಡಿ, ಇಲ್ಲವೇ ಎಪಿಎಂಸಿಗೆ ಫೋನ್ ಮಾಡಿ.

ಇನ್ನೊಂದು ಸಂಗತಿ ಪಾಲಕರ ಗಮನಕ್ಕೆ ಬರುವುದೇ ಇಲ್ಲ. ‘ಮನೆಯಲ್ಲೇ ಕುಳಿತು ಲೈಕ್ ಮಾಡಿ ದುಡ್ಡು ಗಳಿಸಿ’ ಎಂಬ ಟೆಲಿಗ್ರಾಂ ಸಂದೇಶಗಳು. ಅದನ್ನು ಒಪ್ಪಿದ ಮಗು ತಾನೇ ಬಾಡಿಗೆ ಮಂದಿಯಲ್ಲಿ ಒಬ್ಬನಾಗುತ್ತದೆ. ಮೊದಲು ನೂರಿನ್ನೂರು ರೂಪಾಯಿ ಬರುತ್ತದೆ, ಆಮೇಲೆ ‘ದೊಡ್ಡ ಟಾಸ್ಕ್‌ಗೆ ಡಿಪಾಸಿಟ್ ಕಟ್ಟಿ’ ಎನ್ನುತ್ತಾರೆ, ಕಟ್ಟಿದ ದುಡ್ಡು ವಾಪಸ್ ಬರುವುದಿಲ್ಲ. ಹಾಗಾದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ‘ನೀನು ಯಾವ ನಟನ ಹಾಗೆ’ ಎಂಬಂಥ ಆಟಗಳಿಗೆ ಫೇಸ್‌ಬುಕ್ ಅಕೌಂಟಿನಿಂದ ಲಾಗಿನ್ ಆಗಲು ಬಿಡಬೇಡಿ. ಇಂಥದ್ದೇ ಒಂದು ವ್ಯಕ್ತಿತ್ವ ಪರೀಕ್ಷೆಯ ಆ್ಯಪ್ ಹಾಕಿಕೊಂಡವರು ಸುಮಾರು 2.7 ಲಕ್ಷ ಮಂದಿ. ಅವರ ಗೆಳೆಯರನ್ನೂ ಸೇರಿಸಿ 8.7 ಕೋಟಿ ಜನರವರೆಗಿನ ಮಾಹಿತಿ ಕೇಂಬ್ರಿಜ್ ಅನಲಿಟಿಕಾ ಎಂಬ ಚುನಾವಣಾ ಸಲಹಾ ಕಂಪನಿಗೆ ಹೋಗಿತ್ತೆಂದು 2018ರಲ್ಲಿ ಹೊರಬಿತ್ತು.

ಮಗು ಸುಳ್ಳು ಸುದ್ದಿ ಹಂಚಿದ್ದು ಗೊತ್ತಾದರೆ ದಯವಿಟ್ಟು ಮೊಬೈಲ್ ಕಸಿದುಕೊಳ್ಳಬೇಡಿ, ಬಡಿಯಬೇಡಿ. ಹಾಗೆ ಮಾಡಿದರೆ ಮುಂದಿನ ಸಲ ಅದು ತಮ್ಮ ಹತ್ತಿರ ಹೇಳುವುದೇ ಇಲ್ಲ. ಒಟ್ಟಿಗೆ ಕುಳಿತು ಸಂದೇಶ ಅಳಿಸಿ. ವಾಟ್ಸ್‌ಆ್ಯಪ್‌ನಲ್ಲಿ ಸುಮಾರು ಎರಡೂವರೆ ದಿನದೊಳಗೆ ‘ಎಲ್ಲರಿಗೂ ಅಳಿಸು’ ಎಂಬುದು ಕೆಲಸ ಮಾಡುತ್ತದೆ, ಆದರೆ ಅಷ್ಟರಲ್ಲಿ ಬೇರೆಯವರು ಮುಂದೆ ಕಳಿಸಿದ್ದು ಉಳಿದೇ ಇರುತ್ತದೆ. ಅದಕ್ಕೆ ಅದೇ ಗ್ರೂಪಿನಲ್ಲಿ ತಿದ್ದುಪಡಿ ಬರೆಸಿ. ಸುಳ್ಳು ಚಿತ್ರವನ್ನು ಮತ್ತೆ ಹಾಕಿ ‘ಇದು ಸುಳ್ಳು’ ಎನ್ನುವುದು ಬೇಡ, ನೋಡಿದವರಿಗೆ ಚಿತ್ರವೇ ನೆನಪುಳಿಯುತ್ತದೆ. ನಿಜವೇನು ಎಂಬುದನ್ನು ಮೊದಲ ಸಾಲಿನಲ್ಲಿ ಬರೆದರೆ ಸಾಕು. ಯಾವ ಪಕ್ಷ ಒಳ್ಳೆಯದು ಎಂದು ಹೇಳುವುದು ಶಾಲೆಯ ಕೆಲಸವಲ್ಲ, ನಾವು ಹೇಳುವುದೂ ಇಲ್ಲ. ತಮಗೆ ಹಿಡಿಸಿದ ಪಕ್ಷದ ಪರವಾಗಿ ಬಂದ ಫಾರ್ವರ್ಡನ್ನೂ ಮಗುವಿನ ಎದುರು ಇದೇ ಪರೀಕ್ಷೆಗೆ ಒಡ್ಡಿ ಎಂಬುದು ನಮ್ಮ ಕಳಕಳಿಯ ವಿನಂತಿ.

ಮನೆಯ ಮೊಬೈಲಿನಲ್ಲಿ ಇವತ್ತೇ ಒಂದು ಸೆಟ್ಟಿಂಗ್ ಬದಲಿಸಿ: ವಾಟ್ಸ್‌ಆ್ಯಪ್ ಸೆಟ್ಟಿಂಗ್ಸ್, ಪ್ರೈವಸಿ, ಗ್ರೂಪ್ಸ್, ಅಲ್ಲಿ ‘ಮೈ ಕಾಂಟ್ಯಾಕ್ಟ್ಸ್’. ಗುರುತಿಲ್ಲದವರು ಮಗುವನ್ನು ನೇರವಾಗಿ ಗ್ರೂಪಿಗೆ ಸೇರಿಸುವುದು ಅಷ್ಟರಿಂದಲೇ ನಿಲ್ಲುತ್ತದೆ.

ಮುಂದಿನ ಪಾಲಕರ ಸಭೆಗೆ ಬರುವಾಗ ತಮಗೆ ಅನುಮಾನ ಹುಟ್ಟಿಸಿದ ಒಂದು ಫಾರ್ವರ್ಡನ್ನು ಮೊಬೈಲಿನಲ್ಲಿ ಉಳಿಸಿಕೊಂಡು ಬನ್ನಿ. ಕಂಪ್ಯೂಟರ್ ಕೋಣೆಯಲ್ಲಿ ಮಕ್ಕಳೇ ಅದರ ಮೂಲ ಹುಡುಕಿ ತೋರಿಸುತ್ತಾರೆ. ಮಳೆಯ ರಜೆಯ ಮಾತಿಗೆ ಬಂದರೆ, ಶಾಲೆಯ ಗ್ರೂಪಿನಲ್ಲಿ ತರಗತಿ ಶಿಕ್ಷಕರು ಹಾಕಿದ್ದೇ ರಜೆ. ಬೇರೆ ಕಡೆಯಿಂದ ಬಂದ ಆದೇಶದಲ್ಲಿ ಜಿಲ್ಲೆಯ ಹೆಸರು, ದಿನಾಂಕ, ತಾಲ್ಲೂಕು ಈ ಮೂರನ್ನೂ ಓದಿ, ಆಮೇಲೂ ಗೊಂದಲವಿದ್ದರೆ ಬೆಳಿಗ್ಗೆ 8 ಗಂಟೆಯೊಳಗೆ ಶಾಲೆಗೆ ಫೋನ್ ಮಾಡಿ.

ತಮ್ಮ ವಿಶ್ವಾಸಿ,
ಮುಖ್ಯಾಧ್ಯಾಪಕರು
ಪ್ರೌಢಶಾಲಾ ವಿಭಾಗ, ಹುಬ್ಬಳ್ಳಿ